ಭಾವನವರ ನಿಂತ ಸಭೆ

ನಿಂತುಕೊಂಡು ಮಾತಾಡಿದರೆ ಕೆಲಸ ಬೇಗ ಆಗುತ್ತದೆ ಎಂದು ನಮ್ಮ ಭಾವನವರು ಕಂಡುಹಿಡಿದ ವಾರವೇ ನಮ್ಮ ಸಾಹೇಬರು ಬೀದಿಯವರ ಪಾಲಿಗೆ ತೀರಿಕೊಂಡರು. ಎರಡಕ್ಕೂ ಸಂಬಂಧವಿದೆ ಎಂದು ನಮಗೆ ತಿಳಿಯುವ ಹೊತ್ತಿಗೆ ಸಂತಾಪ ಸಭೆಯ ಮುಖ್ಯ ಭಾಷಣ ಅರ್ಧ ಮುಗಿದಿತ್ತು. ಆ ಭಾಷಣವನ್ನು ಬಹಳ ಗಮನವಿಟ್ಟು ಕೇಳುತ್ತಿದ್ದವರಲ್ಲಿ ಸಾಹೇಬರೂ ಒಬ್ಬರು. ಆದರೆ ಇದನ್ನು ಹೀಗೆ ಬಾಲದಿಂದ ಶುರುಮಾಡಿದರೆ ಭಾವನಿಗೆ ಅನ್ಯಾಯವಾಗುತ್ತದೆ. ಅವರು ನನ್ನ ಅಕ್ಕನ ಗಂಡ. ನಗುವುದಿದ್ದರೂ ಮರ್ಯಾದೆಯಿಂದ, ಮೊದಲಿನಿಂದಲೇ ನಗಬೇಕು.

ಭಾವ ನೀರು ಸರಬರಾಜಿನ ಶಾಖಾ ಕಚೇರಿಯಲ್ಲಿ ಹೆಡ್ ಕ್ಲರ್ಕು. ಅದೇ ಕಚೇರಿಯ ಸ್ಟೋರಿನಲ್ಲಿ ವಾಷರು, ವಾಲ್ವು, ಪೈಪಿನ ತುಂಡುಗಳನ್ನು ಕಾಯುವವನು ನಾನು. ಕಚೇರಿ ಎಂದರೆ ಬೀದಿಗೆ ಮುಖಮಾಡಿದ ಒಂದು ದೊಡ್ಡ ಹಾಲ್, ಅದಕ್ಕೆ ಗೋಡೆಯಗಲದ ಕಿಟಕಿ. ಒಳಗೆ ನಾವು ಏನು ಮಾಡುತ್ತಿದ್ದೇವೆ ಎಂಬುದು ಬೀದಿಗೆಲ್ಲ ಕಾಣುತ್ತದೆ. ಏನೂ ಮಾಡದಿದ್ದಾಗ ಇನ್ನೂ ಚೆನ್ನಾಗಿ ಕಾಣುತ್ತದೆ. ಎದುರಿಗೇ ಒಂದು ಬೇಕರಿ. ಬ್ರೆಡ್ಡು ಒಲೆಯೊಳಗೆ ಬೇಯುವ ತನಕ ಬೇಕರಿಯಮ್ಮನಿಗೆ ಬೇರೆ ಕೆಲಸವಿಲ್ಲ. ಆ ಹೊತ್ತಿನಲ್ಲಿ ಆಕೆ ಕೆನ್ನೆಗೆ ಕೈಕೊಟ್ಟು ನಮ್ಮನ್ನು ನೋಡುತ್ತಾ ಕೂತಿರುತ್ತಾಳೆ.

ನಮ್ಮಲ್ಲಿ ಒಂದು ದೂರು ಸಾಗುವ ದಾರಿ ಬಹಳ ಉದ್ದ. ನಲ್ಲಿ ಸೋರುತ್ತಿದೆ ಎಂದು ಯಾರಾದರೂ ಬಂದು ಹೇಳಿದರೆ ಅದನ್ನು ಟೈಪಿಸ್ಟಮ್ಮ ಟೈಪ್ ಮಾಡಬೇಕು. ಭಾವ ಅದರ ಮೇಲೆ 'ಪರಿಶೀಲಿಸಬಹುದು' ಎಂದು ಬರೆಯಬೇಕು. ಸಾಹೇಬರು ರುಜು ಹಾಕಬೇಕು. ಅದು ತಿರುಗಿ ಭಾವನ ಮೇಜಿಗೆ ಬಂದು, ಅಲ್ಲಿ ಸ್ವಲ್ಪ ದಿನ ಸುಧಾರಿಸಿಕೊಂಡು, ನನ್ನ ಸ್ಟೋರಿಗೆ ಇಳಿಯಬೇಕು. ನಾನು ವಾಷರ್ ತೆಗೆದಿಟ್ಟುಕೊಂಡು ಫಿಟ್ಟರಿಗಾಗಿ ಕಾಯಬೇಕು. ಫಿಟ್ಟರ್ ಸಿಗುವುದಿಲ್ಲ. ಆತ ಭಾರೀ ಆಳು, ಆದರೆ ಮನಸ್ಸು ಬೆಣ್ಣೆ, ಯಾರು ಕರೆದರೂ ಇಲ್ಲ ಎನ್ನಲಾರ. ಒಂದು ಗುಂಡಿ ಅರ್ಧ ಅಗೆದಿರುವಾಗ ಪಕ್ಕದ ಬೀದಿಯವರು ಕೂಗಿದರೆ ಅಲ್ಲಿಗೆ ಹೋಗಿ ಅರ್ಧ ಅಗೆಯುತ್ತಾನೆ. ಹೀಗಾಗಿ ನಮ್ಮ ಸರಹದ್ದಿನಲ್ಲಿ ಅರ್ಧ ಗುಂಡಿಗಳಿಗೆ ಕೊರತೆ ಇರಲಿಲ್ಲ. ಸಂಜೆ ತಿರುಗಾಡಲು ಹೋಗುವವರು ನೆಲ ನೋಡಿಕೊಂಡೇ ಹೋಗುತ್ತಿದ್ದರು.

ಇಂಥ ಸುಖದ ದಿನಗಳಲ್ಲಿ ಕೇಂದ್ರ ಕಚೇರಿಯಿಂದ ಸುದ್ದಿ ಬಂತು. ಅತಿ ಹೆಚ್ಚು ದೂರು ಬಾಕಿ ಇರುವ ಶಾಖೆ ನಮ್ಮದೇ, ತಿಂಗಳ ಕೊನೆಗೆ ಅಧಿಕಾರಿಗಳು ತಪಾಸಣೆಗೆ ಬರುತ್ತಾರೆ, ಆ ಹೊತ್ತಿಗೆ ಸುಧಾರಣೆ ಕಾಣದಿದ್ದರೆ ಶಾಖೆ ಮುಚ್ಚಿ ಎಲ್ಲರನ್ನೂ ಕೇಂದ್ರ ಕಚೇರಿಗೆ ಸೇರಿಸಿಕೊಳ್ಳುತ್ತೇವೆ ಎಂದು. ಯಾವ ಅಧಿಕಾರಿ ಬರುತ್ತಾರೆ ಎಂದು ಹೇಳಿರಲಿಲ್ಲ.

ಭಾವ ಕುಸಿದು ಕೂತರು. ಕೇಂದ್ರ ಕಚೇರಿ ಪಟ್ಟಣದ ಆ ತುದಿಯಲ್ಲಿದೆ. ಎರಡು ಬಸ್ಸು ಹಿಡಿಯಬೇಕು, ಎರಡರಲ್ಲೂ ನಿಲ್ಲಬೇಕು. ಇಲ್ಲಿ ಅವರು ಮಧ್ಯಾಹ್ನ ನಡೆದುಕೊಂಡೇ ಮನೆಗೆ ಹೋಗಿ, ಅಕ್ಕನ ಕೈಯ ಬಿಸಿ ಊಟ ಮಾಡಿ, ಐದು ನಿಮಿಷ ಕಾಲು ಚಾಚಿ, ಅಕ್ಕನ ಹತ್ತಿರ ಏನಾದರೂ ಬೈಸಿಕೊಂಡು, ತೃಪ್ತರಾಗಿ ವಾಪಸು ಬರುತ್ತಿದ್ದರು. ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನದು ಬೇಕು ಎಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ. ಪ್ರಮೋಷನ್ ಬಂದಾಗ ಬೇಡವೆಂದು ಬರೆದುಕೊಟ್ಟವರು ಅವರು. ಈಗ ಆ ಮಧ್ಯಾಹ್ನಕ್ಕೇ ಸಂಚಕಾರ ಬಂದಿತ್ತು.

ಅದೇ ಹೊತ್ತಿಗೆ ಸಾಹೇಬರ ಮೊಣಕಾಲು ಕೈಕೊಟ್ಟಿತು. ನಮ್ಮ ಸಾಹೇಬರು ಒಳ್ಳೆಯವರು, ಆದರೆ ಗಂಟಲು ದೊಡ್ಡದು. ಅವರು ಫೋನಿನಲ್ಲಿ ಮಾತಾಡುವಾಗ ಬೇಕರಿಯಲ್ಲಿ ವ್ಯಾಪಾರ ನಿಲ್ಲುತ್ತಿತ್ತು. ಮೊಣಕಾಲಿಗೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದ ದಿನವೇ, ಯೋಜನಾ ನಿರ್ವಹಣೆ ಎಂಬ ತರಬೇತಿಗೆ ಅವರು ಹೋಗಬೇಕೆಂದೂ ಆಜ್ಞೆ ಬಂದಿತ್ತು. ಅವರು ಭಾವನನ್ನು ಕರೆದರು.

"ನನ್ನ ಬದಲು ನೀವು ಹೋಗಿ ಬನ್ನಿ. ಒಳ್ಳೇ ಊಟ ಹಾಕ್ತಾರೆ. ನಾನು ವಾಪಸು ಬರೋವರೆಗೂ ಕಚೇರಿ ನಿಮ್ಮದು. ಮುಳುಗಿ ಹೋದ್ರೂ ಪರವಾಗಿಲ್ಲ, ನಂಗೆ ಮಾತ್ರ ಫೋನ್ ಮಾಡ್ಬೇಡಿ!"

ಭಾವ ಊಟಕ್ಕೆಂದು ಹೋದವರು ಜ್ಞಾನೋದಯವಾಗಿ ಬಂದರು. ಹೆಗಲಿಗೆ ಹೊಸ ಚೀಲ, ಎದೆಗೆ ಬಿಲ್ಲೆ, ಜೇಬಿನಲ್ಲಿ ನಾನಾ ಬಣ್ಣದ ಪೆನ್ನು. ಅಕ್ಕ ಬಾಗಿಲು ತೆಗೆದು ಕೇಳಿದಳು.

"ಏನ್ರೀ ಇದು ವೇಷ?"

"ವೇಷ ಅಲ್ಲ ಕಣೇ. ಇಷ್ಟು ವರ್ಷ ನಾವು ಕೆಲಸ ಮಾಡ್ತಾ ಇರ್ಲಿಲ್ಲ, ಬರೀ ಬಿಜಿ ಇದ್ವಿ. ಅದು ನನಗೆ ಇವತ್ತು ಗೊತ್ತಾಯ್ತು."

"ನನಗೆ ಮದುವೆಯಾದ ವಾರವೇ ಗೊತ್ತಾಗಿತ್ತು. ಕೈಕಾಲು ತೊಳ್ಕೊಳ್ಳಿ," ಎಂದಳು ಅಕ್ಕ.

ಮಾರನೆಯ ಬೆಳಿಗ್ಗೆ ಕಚೇರಿಯಲ್ಲಿ ಕ್ರಾಂತಿ ಶುರುವಾಯಿತು. ಗೋಡೆಗೆ ಒಂದು ದೊಡ್ಡ ಬೋರ್ಡು ಬಂತು. ಅದರಲ್ಲಿ ಮೂರು ಮನೆ: ಮಾಡಬೇಕು, ಮಾಡುತ್ತಿದ್ದೇವೆ, ಮುಗಿಯಿತು. ಒಂದೊಂದು ದೂರಿಗೂ ಒಂದೊಂದು ಬಣ್ಣದ ಚೀಟಿ. ನಡುವಿನ ಮನೆಯಲ್ಲಿ ಒಂದು ಸಲಕ್ಕೆ ಒಂದೇ ಚೀಟಿ ಇರಬೇಕು, ಅದು ಮುಗಿಯುವ ತನಕ ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಇದನ್ನು ಕೇಳಿ ಫಿಟ್ಟರಿನ ಮುಖ ಸಣ್ಣದಾಯಿತು.

"ಯಾರಾದ್ರೂ ಕರೆದ್ರೆ ಹೆಂಗೆ ಸಾರ್ ಹೋಗ್ದೇ ಇರೋದು? ಬೇಜಾರ್ ಮಾಡ್ಕೊಳ್ತಾರೆ."

"ಮಾಡ್ಕೊಳ್ಳಲಿ. ಗುಂಡಿಗೆ ಬಿದ್ದು ಕಾಲು ಮುರ್ಕೊಳ್ಳೋದಕ್ಕಿಂತ ಬೇಜಾರು ವಾಸಿ," ಎಂದರು ಭಾವ. ಮಾತಿನಲ್ಲಿ ಹುರುಳಿತ್ತು, ಹಾಗಾಗಿ ನಾವು ಅದಕ್ಕೆ ಮಹತ್ವ ಕೊಡಲಿಲ್ಲ.

ಆಮೇಲೆ ಸಭೆ. ದಿನಾ ಬೆಳಿಗ್ಗೆ ಸಭೆ ನಡೆಯಬೇಕು, ಎಲ್ಲರೂ ನಿಂತೇ ಇರಬೇಕು, ಕೂತರೆ ಮಾತು ಬೆಳೆಯುತ್ತದೆ ಎಂದು ಭಾವ ತಿಳಿಸಿದರು. ತರಬೇತಿಯವರು ಇಷ್ಟೇ ಹೇಳಿದ್ದರೋ ಏನೋ. ಭಾವ ತಮ್ಮ ಭಕ್ತಿಯನ್ನೂ ಸೇರಿಸಿದರು. ಯಾರಾದರೂ ಆಸೆಬಿದ್ದು ಕೂತುಬಿಟ್ಟಾರು ಎಂದು ಹಾಲಿನ ಕುರ್ಚಿಗಳನ್ನೆಲ್ಲ ಹೊರಗೆ ಬೀದಿಯ ಬದಿಗೆ ಸಾಲಾಗಿ ಹಾಕಿಸಿದರು. ಸಭೆ ಶುರುವಾಗುವ ಮುಂಚೆ ಪ್ರತಿಯೊಬ್ಬರೂ ತಲೆ ತಗ್ಗಿಸಿ, ಇವತ್ತು ನನ್ನ ಕೆಲಸಕ್ಕೆ ಏನು ಅಡ್ಡಿ ಎಂದು ಮೌನವಾಗಿ ಯೋಚಿಸಬೇಕೆಂದರು. ಯೋಜನೆಯ ಹಿಂದಿರುವ ಹಿರಿಯರು ಸದಾ ಎಲ್ಲರ ಕಣ್ಣಮುಂದೆ ಇರಬೇಕು ಎಂಬುದೂ ಒಂದು ತತ್ವವಂತೆ. ಹಿರಿಯರು ಆಸ್ಪತ್ರೆಯಲ್ಲಿದ್ದುದರಿಂದ ಅವರದೊಂದು ಹಳೆಯ ಫೋಟೋ ಹುಡುಕಿ ದೊಡ್ಡದು ಮಾಡಿಸಿದರು. ಕಪ್ಪು ಬಿಳುಪಿನ ಫೋಟೋ. ಅಂಗಡಿಯಲ್ಲಿ ಇದ್ದ ಚೌಕಟ್ಟೂ ಕಪ್ಪೇ. ಅದನ್ನು ನೇತುಹಾಕಲು ಹೋದರೆ ಮೊಳೆ ಕಿತ್ತು ಬಂತು. ಕೊನೆಗೆ ಕಿಟಕಿಯ ಹತ್ತಿರ ಮೇಜಿನ ಮೇಲೆ ಗೋಡೆಗೆ ಒರಗಿಸಿ, ಜಾರದಿರಲೆಂದು ಟೈಪಿಸ್ಟಮ್ಮನ ಹೂದಾನಿಯನ್ನು ಅದರ ಮುಂದೆ ಆನಿಸಿದರು.

ಈಗ ಬೇಕರಿಯ ಕಡೆಯಿಂದ ನೋಡಿ. ಬೆಳಗಿನ ಹೊತ್ತು. ಬಾಗಿಲ ಹೊರಗೆ ಸಾಲಾಗಿ ಖಾಲಿ ಕುರ್ಚಿ. ಒಳಗೆ ಮೇಜಿನ ಮೇಲೆ ಕಪ್ಪು ಚೌಕಟ್ಟಿನಲ್ಲಿ ಸಾಹೇಬರು, ಮುಂದೆ ಹೂವು. ಸುತ್ತ ನಾವು ಏಳೆಂಟು ಜನ ತಲೆ ತಗ್ಗಿಸಿ ಮೌನವಾಗಿ ನಿಂತಿದ್ದೇವೆ. ಫಿಟ್ಟರಿಗೆ ಆ ವಾರ ವಿಪರೀತ ನೆಗಡಿ. ಆತ ಟವೆಲಿನಿಂದ ಕಣ್ಣು ಮೂಗು ಒರೆಸಿಕೊಳ್ಳುತ್ತಲೇ ಇದ್ದ.

ಬೇಕರಿಯಮ್ಮ ಒಲೆಯಲ್ಲಿದ್ದ ಬ್ರೆಡ್ಡು ಮರೆತಳು. ಆ ದಿನದ ಬ್ರೆಡ್ಡೆಲ್ಲ ಸೀದುಹೋದ ವಾಸನೆ ನಮಗೂ ಬಂದಿತ್ತು. ಕಾರಣ ಮಾತ್ರ ತಿಳಿದಿರಲಿಲ್ಲ. ಫಿಟ್ಟರ್ ಹೊರಗೆ ಬಂದಾಗ ಆಕೆ ಅವನನ್ನು ಪಕ್ಕಕ್ಕೆ ಕರೆದಳಂತೆ. ಸಾವಿನ ವಿಷಯವನ್ನು ಬಾಯಿಬಿಟ್ಟು ಕೇಳುವುದು ಮರ್ಯಾದೆಯಲ್ಲವಲ್ಲ, ಆಕೆ ಮೆತ್ತಗೆ ಕೇಳಿದಳು.

"ಯಾವಾಗಪ್ಪಾ ಆಯ್ತು?"

"ಸೋಮವಾರ ಬೆಳಿಗ್ಗೆ ಕಣಮ್ಮ, ಆಸ್ಪತ್ರೇಲಿ," ಎಂದ ಫಿಟ್ಟರ್, ಆಪರೇಷನ್ ವಿಷಯವೆಂದುಕೊಂಡು.

"ತುಂಬಾ ನೋವು ತಿಂದ್ರಾ?"

"ಏನೂ ಇಲ್ವಂತೆ. ಸೂಜಿ ಕೊಟ್ಟಿದ್ರಲ್ಲ." ಅಷ್ಟು ಹೇಳಿ ಒಂದು ಸೀನು ಸೀನಿ, ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಬೇಕರಿಯಮ್ಮ ಅವನ ಬೆನ್ನು ಸವರಿ, ಒಂದು ಬನ್ನು ಕೈಗಿಟ್ಟು, ತಾನೂ ಕಣ್ಣೊರೆಸಿಕೊಂಡಳು. ಬನ್ನು ಯಾಕೆ ಸಿಕ್ಕಿತೆಂದು ಫಿಟ್ಟರ್ ಯೋಚಿಸಲಿಲ್ಲ. ಸಿಕ್ಕಿದ್ದನ್ನು ತಿನ್ನುವ ಸ್ವಭಾವ ಅವನದು.

ಸಂಜೆಯೊಳಗೆ ಸುದ್ದಿ ಬೀದಿ ಬೀದಿಗೂ ಮುಟ್ಟಿತು. ನಮ್ಮ ಕಿವಿಗೆ ಮಾತ್ರ ಬೀಳಲಿಲ್ಲ, ಯಾಕೆಂದರೆ ದುಃಖದಲ್ಲಿರುವವರ ಮುಂದೆ ಯಾರೂ ಅದನ್ನು ಎತ್ತಲಿಲ್ಲ.

ನಮಗೆ ಕಂಡದ್ದು ಇಷ್ಟೇ: ದೂರು ನಿಂತುಹೋಯಿತು. ಮೊದಲ ದಿನ ಒಂದೆರಡು ಬಂದಿದ್ದವು. ಮಾರನೆಯ ದಿನ ಒಬ್ಬ ಹೆಂಗಸು ಒಡೆದ ನಲ್ಲಿಯನ್ನೇ ಕೈಯಲ್ಲಿ ಹಿಡಿದು ರೋಷದಿಂದ ಮೆಟ್ಟಿಲು ಹತ್ತಿದಳು. ಒಳಗೆ ನಾವು ತಲೆತಗ್ಗಿಸಿ ನಿಂತಿದ್ದೆವು. ಆಕೆ ಫೋಟೋ ನೋಡಿದಳು, ನಮ್ಮನ್ನು ನೋಡಿದಳು, ನಲ್ಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸದ್ದಿಲ್ಲದೆ ಇಳಿದು ಹೋದಳು. ಆಮೇಲೆ ಯಾರೂ ಬರಲಿಲ್ಲ.

ಫೋನೂ ಬಡಿದುಕೊಳ್ಳಲಿಲ್ಲ. ಅದು ಕೆಟ್ಟಿರಬೇಕೆಂದು ಭಾವನಿಗೆ ಅನುಮಾನ. ಪರೀಕ್ಷೆ ಮಾಡಲು ಬೇಕರಿಗೆ ಹೋಗಿ, ಅಲ್ಲಿಂದ ನಮ್ಮ ಕಚೇರಿಗೇ ಫೋನ್ ಮಾಡಿದರು. ನಾನು ಎತ್ತಿಕೊಂಡೆ.

"ಹಲೋ, ನೀರಿನ ಕಚೇರಿ."

"ನಾನು ಕಣೋ! ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಭಾವ. ಕಿಟಕೀಲಿ ಕಾಣಿಸ್ತಾನೂ ಇದ್ದೀರಿ."

"ಹಾಗಾದ್ರೆ ಫೋನ್ ಸರಿಯಾಗೇ ಇದೆ!" ಎಂದು ಅವರು ಹರ್ಷದಿಂದ ಕೂಗಿದರು. ಫೋನಿಗೆ ದುಡ್ಡು ಕೊಡಲು ಹೋದರೆ ಬೇಕರಿಯಮ್ಮ ಮುಟ್ಟಲಿಲ್ಲ. "ಇಂಥ ಹೊತ್ತಲ್ಲಿ ನಿಮ್ಮ ಹತ್ರ ದುಡ್ಡು ತಗೊಳ್ಳೋಷ್ಟು ಕಲ್ಲೆದೆಯವಳಲ್ಲ ನಾನು. ಧೈರ್ಯವಾಗಿರಿ. ಕಚೇರಿ ಭಾರವೆಲ್ಲ ಈಗ ನಿಮ್ಮ ಮೇಲೇ ಬಿತ್ತಲ್ಲ," ಎಂದಳು. ಭಾವ ಬಂದು ನನಗೆ ಹೇಳಿದರು, "ನೋಡ್ದೇನೋ? ಜನಕ್ಕೆ ಎಷ್ಟು ಬೇಗ ಅರ್ಥವಾಗಿದೆ! ನಾನು ಪಡ್ತಿರೋ ಕಷ್ಟ ಬೇಕರಿಯಮ್ಮನಿಗೂ ಕಾಣ್ತಿದೆ."

ಅಕ್ಕನಿಗೆ ಮಾತ್ರ ಸಮಾಧಾನವಿರಲಿಲ್ಲ. ಮಧ್ಯಾಹ್ನ ಅವರಿಬ್ಬರ ಜೊತೆ ನಾನೂ ಊಟಕ್ಕೆ ಕೂತಿದ್ದೆ.

"ಬೇಕರಿಗೆ ಹೋಗಿದ್ದೆ. ಆ ಯಮ್ಮ ನನ್ನ ಕೈ ಹಿಡ್ಕೊಂಡು ಅಳ್ತಾಳೆ ಕಣ್ರೀ. ವ್ಯಾಪಾರ ಪೂರ್ತಿ ಬಿದ್ದುಹೋಗಿದೆ ಅಂತ ಕಾಣುತ್ತೆ. ಪಾಪ ಅಂತ ಬನ್ನು ಜಾಸ್ತಿ ತಂದಿದೀನಿ."

"ಅದು ಆನಂದಬಾಷ್ಪ ಕಣೇ. ನಮ್ಮ ಕಚೇರಿ ಸುಧಾರಿಸ್ತಿದೆ ಅಂತ. ಒಂದು ದೂರು ಬರ್ತಿಲ್ಲ ಗೊತ್ತಾ?"

ಅಕ್ಕ ಸೌಟು ಕೆಳಗಿಟ್ಟಳು. "ದೂರು ಇಲ್ಲ ಅಂದ್ರೆ ಒಂದೋ ಕೆಲಸ ಮುಗಿದಿರ್ಬೇಕು, ಇಲ್ಲಾ ಜನ ಮುಗಿದಿರ್ಬೇಕು. ಯಾವುದು ಅಂತ ಹೊರಗೆ ಹೋಗಿ ನೋಡಿದೀರಾ?"

"ನಿನಗೆ ಪದ್ಧತಿಯಲ್ಲಿ ನಂಬಿಕೆ ಇಲ್ಲ," ಎಂದರು ಭಾವ, ಅನ್ನ ಹಾಕಿಸಿಕೊಳ್ಳುತ್ತಾ.

ಒಂದು ಮಾತು ಒಪ್ಪಬೇಕು. ಆ ಎರಡು ವಾರ ನಿಜವಾಗಿಯೂ ಕೆಲಸ ನಡೆಯಿತು. ಯಾರೂ ಕರೆಯದ ಕಾರಣ ಫಿಟ್ಟರ್ ಹಿಡಿದ ಗುಂಡಿಯನ್ನು ಮುಗಿಸಿಯೇ ಎದ್ದ. ಮೊದಲನೆಯ ಗುಂಡಿ ಪೂರ್ತಿ ಮುಚ್ಚಿದ ದಿನ ಆತ ಅದರ ಮೇಲೆ ನಿಂತು ಹಿಂದೆ ಮುಂದೆ ನಡೆದಾಡಿ ನೋಡಿದನಂತೆ. ಇಷ್ಟು ವರ್ಷದಲ್ಲಿ ಒಂದು ಕೆಲಸದ ಕೊನೆ ಹೇಗಿರುತ್ತದೆಂದು ಆತನಿಗೂ ತಿಳಿದಿರಲಿಲ್ಲ. ಚೀಟಿಗಳು ಒಂದೊಂದಾಗಿ ಬೋರ್ಡಿನ ಕೊನೆಯ ಮನೆ ಸೇರಿದವು. ಸಾಹೇಬರ ರುಜುವಿಗೆ ಕಾಯುವ ಪ್ರಶ್ನೆಯೇ ಇರಲಿಲ್ಲ, ಸಾಹೇಬರೇ ಇರಲಿಲ್ಲವಲ್ಲ. ದೂರುಗಳು ಅವರ ಮೇಜಿಗೆ ಯಾಕೆ ಹೋಗುತ್ತಿದ್ದವು ಎಂದು ನಮಗೆ ಆಗ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬೆಳಗಿನ ಸಭೆಗೆ ನಾನೂ ಖುಷಿಯಿಂದಲೇ ಹೋಗತೊಡಗಿದೆ.

ತಪಾಸಣೆಗೆ ಎರಡು ದಿನ ಇರುವಾಗ ಹಿಂದಿನ ಬೀದಿಯ ಮೇಷ್ಟ್ರು ಬಂದರು. ನಿವೃತ್ತರಾದ ಮೇಲೂ ಅವರಿಗೆ ಪಾಠ ನಿಲ್ಲಿಸಲಾಗಿಲ್ಲ. ಯಾವ ಸಭೆಯಿರಲಿ, ಮುಖ್ಯ ಭಾಷಣ ಅವರದೇ. ಅವರು ಫೋಟೋದ ಮುಂದೆ ಒಂದು ಕ್ಷಣ ಕಣ್ಣುಮುಚ್ಚಿ ನಿಂತು, ಭಾವನ ಹೆಗಲ ಮೇಲೆ ಕೈಯಿಟ್ಟರು.

"ಸಾಹೇಬ್ರ ಬಗ್ಗೆ ನಾಲ್ಕು ಮಾತಾಡ್ಬೇಕು ಅಂತ ಬಡಾವಣೆಯವರ ಆಸೆ. ನಿಮ್ಮ ಹಾಲಲ್ಲೇ ಆದ್ರೆ ಚೆನ್ನ."

"ಒಳ್ಳೇ ಮಾತಾ ಮೇಷ್ಟ್ರೇ, ಕೆಟ್ಟ ಮಾತಾ?" ಎಂದು ಭಾವ ಹುಷಾರಾಗಿ ಕೇಳಿದರು.

"ಛೆ ಛೆ! ಈಗ ಹೋಗಿ ಯಾರಾದ್ರೂ ಕೆಟ್ಟ ಮಾತಾಡ್ತಾರೇನ್ರೀ?"

"ಹಾಗಾದ್ರೆ ಗುರುವಾರ ಬೆಳಿಗ್ಗೆ ಇಟ್ಕೊಳ್ಳಿ. ಆವತ್ತು ಕೇಂದ್ರ ಕಚೇರಿಯವರೂ ಬರ್ತಾರೆ."

"ಅವರೂ ಬರ್ತಿದಾರಾ? ಬರ್ಬೇಕಾದ್ದೇ ಬಿಡಿ," ಎಂದು ಮೇಷ್ಟ್ರು ತಲೆದೂಗಿ ಹೋದರು.

ಭಾವನಿಗೆ ಆಕಾಶ ಮೂರೇ ಗೇಣು ಉಳಿದಿತ್ತು. "ಯಾರಿಗೋಸ್ಕರ ಕೆಲಸ ಮಾಡ್ತೀವೋ ಅವರನ್ನ ಒಳಗೆ ಕರ್ಕೊಳ್ಳಿ ಅಂತ ತರಬೇತೀಲಿ ಹೇಳಿದ್ರು ಕಣೋ. ನಾವು ಕರೀಲೇ ಇಲ್ಲ, ಅವರೇ ಬರ್ತಿದಾರೆ. ತಪಾಸಣೆ ಮುಗಿದ ಹಾಗೇ!"

ಗುರುವಾರ ಬಂತು. ಬೇಕರಿ ಅರ್ಧ ಬಾಗಿಲು ಹಾಕಿತ್ತು. ಜನ ಗುಂಪು ಗುಂಪಾಗಿ ಮಾಸಲು ಬಣ್ಣದ ಬಟ್ಟೆ ಹಾಕಿಕೊಂಡು ಸದ್ದುಮಾಡದೆ ಬಂದರು. ಕುರ್ಚಿಗಳು ಹೊರಗಿದ್ದುದರಿಂದ ಒಳಗೆ ಎಲ್ಲರೂ ನಿಂತರು. ಇಡೀ ಬಡಾವಣೆಯೇ ಪದ್ಧತಿಯನ್ನು ಒಪ್ಪಿಕೊಂಡಿತೆಂದು ಭಾವನಿಗೆ ಎದೆ ತುಂಬಿ ಬಂತು. ಅವರು ಬೋರ್ಡಿನ ಪಕ್ಕದಲ್ಲಿ ಮದುವೆ ಗಂಡಿನಂತೆ ನಿಂತಿದ್ದರು.

ಕೇಂದ್ರ ಕಚೇರಿಯಿಂದ ಬಂದದ್ದು ಒಬ್ಬ ಮೇಡಂ. ಸಣಕಲು ದೇಹ, ಕನ್ನಡಕ, ಮೆಲುದನಿ. ಒಳಗೆ ಕಾಲಿಟ್ಟವರೇ ಜನವನ್ನೂ ಫೋಟೋವನ್ನೂ ನೋಡಿ ಸ್ಯಾಂಡಲ್ ಸದ್ದಾಗದ ಹಾಗೆ ನಡೆದು ನನ್ನ ಪಕ್ಕ ನಿಂತರು.

"ಇದು ಯಾವಾಗಿಂದ?" ಎಂದು ಪಿಸುಗುಟ್ಟಿದರು.

"ಎರಡು ವಾರ ಆಯ್ತು ಮೇಡಂ. ದಿನಾ ಬೆಳಿಗ್ಗೆ ಮಾಡ್ತೀವಿ."

"ದಿನಾ?" ಎಂದು ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ಬಂಧುಗಳೇ, ಸಾಹೇಬರು ಇವತ್ತು ನಮ್ಮ ನಡುವೆ ಇಲ್ಲ."

"ರಜೇಲಿದಾರೆ," ಎಂದು ಭಾವ ತಲೆಯಾಡಿಸಿದರು.

"ಆದರೆ ಅವರು ಹಾಕಿಸಿದ ಪೈಪುಗಳು ನಮ್ಮ ಕಾಲ ಕೆಳಗೇ ಇವೆ. ನಾವು ಕುಡಿಯೋ ಒಂದೊಂದು ಲೋಟದಲ್ಲೂ ಅವರಿದ್ದಾರೆ."

ಅಲ್ಲಲ್ಲಿ ಬಿಕ್ಕುವ ಸದ್ದು ಕೇಳಿತು. ಆಗ ನಾನು ಬಾಗಿಲ ಕಡೆ ನೋಡಿದೆ. ಅಲ್ಲಿ ಊರುಗೋಲಿನ ಮೇಲೆ ಸಾಹೇಬರು ನಿಂತಿದ್ದರು, ಅವರನ್ನು ಹಿಡಿದುಕೊಂಡು ಅವರ ಷಡ್ಡಕ. ಆಮೇಲೆ ತಿಳಿಯಿತು: ನಮ್ಮ ಬಡಾವಣೆಯಲ್ಲಿದ್ದ ನೆಂಟರೊಬ್ಬರು ಫೋನ್ ಮಾಡಿ ಷಡ್ಡಕನಿಗೆ ಸುದ್ದಿ ಮುಟ್ಟಿಸಿದ್ದರು. ಆತ ಬೆಳಗಿನ ಗಾಡಿಗೆ ಅಳುತ್ತಲೇ ಹೊರಟು ಬಂದು, ಬೇರೆ ಬಡಾವಣೆಯಲ್ಲಿದ್ದ ಸಾಹೇಬರ ಮನೆಯ ಬಾಗಿಲು ತಟ್ಟಿದರೆ, ಬಾಗಿಲು ತೆಗೆದವರು ಸಾಹೇಬರೇ. ಆತನನ್ನು ಸಮಾಧಾನಪಡಿಸುವುದರಲ್ಲೇ ಅವರಿಗೆ ಸಾಕುಸಾಕಾಗಿತ್ತು. ತಮ್ಮ ಸಂತಾಪ ಸಭೆ ಇಲ್ಲೇ ಎಂದು ಆತನಿಂದ ತಿಳಿದು ನೇರ ಬಂದಿದ್ದರು.

ಸಾಹೇಬರು ಕೂಗುತ್ತಾರೆಂದು ನಾನು ಕಣ್ಣುಮುಚ್ಚಿಕೊಂಡೆ. ಕೂಗಲಿಲ್ಲ. ಅವರು ತುಟಿಯ ಮೇಲೆ ಬೆರಳಿಟ್ಟು ನನಗೆ ಸುಮ್ಮನಿರಲು ಸನ್ನೆ ಮಾಡಿ, ಕಂಬಕ್ಕೆ ಒರಗಿ, ಕತ್ತು ಓರೆ ಮಾಡಿಕೊಂಡು ಕೇಳತೊಡಗಿದರು. ಇಂಥ ಹೊಗಳಿಕೆ ನೌಕರಿಯಲ್ಲಿದ್ದಷ್ಟು ಕಾಲ ಯಾರ ಬಾಯಲ್ಲೂ ಬಂದಿರಲಿಲ್ಲ. ಅದನ್ನು ಅರ್ಧಕ್ಕೆ ನಿಲ್ಲಿಸಲು ಅವರಿಗೆ ಮನಸ್ಸಾಗಲಿಲ್ಲ.

"ಅವರ ಆತ್ಮಕ್ಕೆ ಶಾಂತಿ ಸಿಗಲಿ," ಎಂದರು ಮೇಷ್ಟ್ರು.

ಭಾವ ಬೆಚ್ಚಿಬಿದ್ದು ನನ್ನ ತೋಳು ಹಿಡಿದರು. "ಆತ್ಮಕ್ಕಾ? ಯಾರ ಆತ್ಮಕ್ಕೋ?"

ನಾನು ಬಾಗಿಲು ತೋರಿಸಿದೆ. ಅಷ್ಟರಲ್ಲಿ ಮೇಷ್ಟ್ರು ಭಾಷಣಕ್ಕೆ ಕೊನೆಯ ಮೆರುಗು ಕೊಡುತ್ತಿದ್ದರು. "ಮನುಷ್ಯ ಅಂದ ಮೇಲೆ ಒಂದು ಕೊರತೆ ಇದ್ದೇ ಇರುತ್ತೆ. ಸಾಹೇಬ್ರಿಗೆ ಕೋಪ ಸ್ವಲ್ಪ ಜಾಸ್ತಿ. ಎದುರಿಗೆ ಹೇಳೋ ಧೈರ್ಯ ನಮಗ್ಯಾರಿಗೂ ಇರ್ಲಿಲ್ಲ. ಈಗ ಹೇಳಬಹುದು..."

"ಯಾರ್ರೀ ಹೇಳಿದ್ದು ನಂಗೆ ಕೋಪ ಅಂತ!"

ಕಿಟಕಿಯ ಗಾಜು ಅದುರಿತು. ಮೇಷ್ಟ್ರು ತಿರುಗಿ ನೋಡಿ, ಅಭ್ಯಾಸಬಲದಿಂದ ಹಿಂದಿನ ಕುರ್ಚಿಯಲ್ಲಿ ಕೂರಲು ಹೋದರು. ಕುರ್ಚಿಗಳೆಲ್ಲ ಹೊರಗಿದ್ದವು. ಅವರು ನೆಲದ ಮೇಲೆ ಕೂತು, ಅಲ್ಲಿಂದಲೇ ಸಾಹೇಬರನ್ನು ನೋಡುತ್ತಾ ಉಳಿದರು. ಯಾರೋ ಕಿರುಚಿದರು. ಇಬ್ಬರು ಹಿಂಬಾಗಿಲಿನಿಂದ ಓಡಿದರು.

ಮೊದಲು ಚೇತರಿಸಿಕೊಂಡವಳು ಬೇಕರಿಯಮ್ಮ. ಹತ್ತಿರ ಹೋಗಿ ಊರುಗೋಲು ಮುಟ್ಟಿದಳು, ಸಾಹೇಬರ ತೋಳು ಮುಟ್ಟಿದಳು, ಅಳುತ್ತಲೇ ನಕ್ಕಳು. "ಇದ್ದೀರಾ ಸಾಹೇಬ್ರೇ? ಇದ್ದೀರಲ್ಲ! ಅಷ್ಟೇ ಸಾಕು ನಮಗೆ." ಕಣ್ಣೊರೆಸಿಕೊಂಡು ಅದೇ ಉಸಿರಿನಲ್ಲಿ ಮುಂದುವರಿಸಿದಳು. "ಹಾಗಾದ್ರೆ ಕೇಳಿ. ಎರಡು ವಾರದಿಂದ ಬೇಕರಿ ಹಿಂದೆ ನಲ್ಲಿ ಸೋರ್ತಾ ಇದೆ. ಇದೇನು ಕಚೇರಿನಾ, ಏನು?"

ಕಟ್ಟೆ ಒಡೆಯಿತು. ಒಬ್ಬರಿಗೆ ನೀರೇ ಬರುತ್ತಿಲ್ಲ, ಇನ್ನೊಬ್ಬರಿಗೆ ನಿಲ್ಲುತ್ತಲೇ ಇಲ್ಲ, ಮತ್ತೊಬ್ಬರಿಗೆ ಮೀಟರು ಉಲ್ಟಾ ತಿರುಗುತ್ತಿದೆ. ಸೆರಗಿನ ಹೆಂಗಸು ಒಡೆದ ನಲ್ಲಿಯನ್ನು ಇವತ್ತೂ ತಂದಿದ್ದಳು. ಎರಡು ವಾರ ಹಲ್ಲುಕಚ್ಚಿ ತಡೆದುಕೊಂಡದ್ದೆಲ್ಲ ಒಂದೇ ಸಲ ಹೊರಬಂತು. ಮೇಡಂ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ನೋಡುತ್ತಿದ್ದರು. ನಾನು ಭಾವನ ಮುಖ ನೋಡಿದೆ. ಅವರ ಕಣ್ಣ ಮುಂದೆ ಆಗಲೇ ಎರಡು ಬಸ್ಸು ಬಂದು ನಿಂತಂತಿತ್ತು.

ಮೇಡಂ ಬೇಕರಿಯಮ್ಮನನ್ನು ಕೇಳಿದರು, "ಎರಡು ವಾರದಿಂದ ಸೋರ್ತಿದ್ರೆ ಮೊದ್ಲೇ ಬಂದು ಹೇಳೋದಲ್ವಾ?"

"ಚೆನ್ನಾಗಿ ಹೇಳಿದ್ರಿ! ಸಾವಾಗಿರೋ ಕಡೆ ಹೋಗಿ ನಲ್ಲಿ ವಿಷಯ ಎತ್ತೋದಾ? ಬಕೆಟ್ ಇಟ್ಕೊಂಡಿದ್ವಿ. ಪಾಪ, ಇವರೂ ಮನುಷ್ಯರೇ ಅಲ್ವಾ?"

ಮೇಡಂ ಭಾವನ ಕಡೆ ತಿರುಗಿದರು. "ಹೊಸ ದೂರು ಒಂದೂ ಇಲ್ಲ ಅಂತ ವರದೀಲಿ ಬರ್ದಿದ್ರಲ್ಲ, ಕಾರಣ ಇದೇನಾ?"

ಭಾವ ಸುಳ್ಳು ಹೇಳಿ ಗೊತ್ತಿದ್ದವರಲ್ಲ. "ಇದೇ ಇರ್ಬೇಕು ಮೇಡಂ," ಎಂದರು.

"ಹಳೇದೆಲ್ಲ ಮುಗಿದಿದೆ ಅನ್ನೋದು?"

"ಅದು ನಿಜ ಮೇಡಂ," ಎಂದು ಫಿಟ್ಟರ್ ಮುಂದೆ ಬಂದ. "ಬೇಕಾದ್ರೆ ನಡೆದು ನೋಡಿ. ತಲೆ ಎತ್ಕೊಂಡೇ ನಡೀಬಹುದು."

ಮೇಡಂ ನಿಜವಾಗಿಯೂ ಹೊರಗೆ ಹೋದರು. ಅವರು ಬೀದಿ ಬೀದಿ ಸುತ್ತಿ ಬರುವಷ್ಟರಲ್ಲಿ ಭಾವ ಹೇಗೋ ಚೇತರಿಸಿಕೊಂಡಿದ್ದರು. ಜನರನ್ನೆಲ್ಲ ಹೊರಗಿನ ಕುರ್ಚಿಗಳ ಮೇಲೆ ಕೂರಿಸಿ, ಒಬ್ಬೊಬ್ಬರನ್ನೇ ಕೇಳಿ ಒಂದೊಂದು ಚೀಟಿ ಬರೆದು ಬೋರ್ಡಿಗೆ ಅಂಟಿಸಿದರು. ಸಾಹೇಬರು ತಮ್ಮದೇ ಫೋಟೋದ ಪಕ್ಕ ನಿಂತು, "ರುಜು ಗಿಜು ಏನೂ ಬೇಡ, ಮೊದ್ಲು ಕೆಲಸ ಮುಗ್ಸಿ!" ಎಂದು ಬೇಕರಿಯ ತನಕ ಕೇಳುವಂತೆ ಗುಡುಗುತ್ತಿದ್ದರು. ನಾನು ವಾಷರ್ ಕೊಟ್ಟೆ, ಫಿಟ್ಟರ್ ಬೇಕರಿಗೆ ನಡೆದ. ದಾರಿಯಲ್ಲಿ ಇಬ್ಬರು ಕರೆದರು. ಆತ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, "ಇದು ಮುಗೀಲಿ, ಬರ್ತೀನಿ" ಎಂದು ಮುಂದೆ ಹೋದದ್ದನ್ನು ನಾನೇ ನೋಡಿದೆ. ಮೇಡಂ ವಾಪಸು ಬರುವಾಗ ಬೇಕರಿಯ ನಲ್ಲಿ ಸೋರುವುದು ನಿಂತಿತ್ತು, ಆತ ಮುಂದಿನ ಮನೆಯಲ್ಲಿದ್ದ.

ಮೇಡಂ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತರು.

"ನಮ್ಮ ಕೇಂದ್ರ ಕಚೇರಿಗೆ ಬೆಂಕಿ ಬಿದ್ರೂ ಜನ ಬಾಗಿಲಲ್ಲಿ ನಿಂತು 'ನಮ್ಮ ಮೀಟರ್ ಏನಾಯ್ತು' ಅಂತ ಕೇಳ್ತಾರೆ. ಇಲ್ಲಿಯವರು ನಿಮಗೋಸ್ಕರ ಎರಡು ವಾರ ಬಕೆಟ್ ಇಟ್ಕೊಂಡಿದಾರೆ. ಈ ಶಾಖೆ ಮುಚ್ಚೋಕೆ ನನಗೆ ಕೈ ಬರಲ್ಲ. ಇಲ್ಲೇ ಇರಲಿ."

ಹಾಲಿನಲ್ಲಿ ಸಂತೋಷ ಉಕ್ಕಿತು. ಟೈಪಿಸ್ಟಮ್ಮ ನನ್ನ ಬೆನ್ನಿಗೆ ಗುದ್ದಿದಳು, ಸಾಹೇಬರು ಷಡ್ಡಕನನ್ನು ಅಪ್ಪಿಕೊಂಡರು, ಭಾವ ಕೈಮುಗಿದು ನಿಂತರು.

"ಆದ್ರೆ ಈ ಪದ್ಧತಿ ನಮ್ಮಲ್ಲೂ ಜಾರಿಗೆ ಬರ್ಬೇಕು," ಎಂದು ಮೇಡಂ ಮುಂದುವರಿಸಿದರು. "ಶಾಖೆ ಇಲ್ಲಿರಲಿ, ನೀವು ಸೋಮವಾರದಿಂದ ಕೇಂದ್ರ ಕಚೇರಿಗೆ ಬಂದುಬಿಡಿ. ಕಾಯಂ ಆಗಿ."

ಭಾವನ ಮುಗಿದ ಕೈ ಹಾಗೇ ಉಳಿಯಿತು. ಯಾವುದಕ್ಕೆ ಹೆದರಿ ಇಷ್ಟೆಲ್ಲ ಮಾಡಿದ್ದರೋ, ಮಾಡಿದ್ದಕ್ಕೆ ಬಹುಮಾನವಾಗಿ ಅದೇ ಬಂದಿತ್ತು. ಅವರು ಸಾಹೇಬರ ಕಡೆ ನೋಡಿದರು, ನನ್ನ ಕಡೆ ನೋಡಿದರು. ಯಾರಿಂದಲೂ ಸಹಾಯ ಸಿಗುವಂತಿರಲಿಲ್ಲ. ಕೊನೆಗೆ ಇದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಬಾಯಿ ತೆರೆದರು.

"ಮೇಡಂ, ಇದ್ದದ್ದು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಬರೀ ನಿಂತ್ಕೊಂಡ್ರೆ ಏನೂ ಆಗಲ್ಲ. ಇಲ್ಲಿ ಕೆಲಸ ಮುಗ್ಸೋಕೆ ಪುರುಸೊತ್ತು ಸಿಕ್ಕಿದ್ದು ಸಾಹೇಬ್ರು ತೀರ್ಕೊಂಡ್ರು ಅಂತ ಜನ ನಂಬಿದ್ದಕ್ಕೆ. ಅಲ್ಲೂ ಇದು ನಡೀಬೇಕು ಅಂದ್ರೆ ಮೊದ್ಲು ಅಲ್ಲಿನ ಮುಖ್ಯಸ್ಥರು ಹೋಗ್ಬೇಕಾಗುತ್ತೆ. ಬರೀ ಒಂದೆರಡು ವಾರಕ್ಕೆ. ಅವರದೊಂದು ಕಪ್ಪು ಬಿಳುಪು ಫೋಟೋ ಸಿಕ್ಕಿದ್ರೆ..."

"ಅಲ್ಲಿನ ಮುಖ್ಯಸ್ಥೆ ನಾನೇ," ಎಂದರು ಮೇಡಂ.

ಹಾಲಿನಲ್ಲಿ ಮೌನ ಆವರಿಸಿತು. ಎರಡು ವಾರ ಪ್ರಯತ್ನಪಟ್ಟರೂ ಭಾವನಿಗೆ ಇಂಥ ಮೌನ ಸಾಧಿಸಲಾಗಿರಲಿಲ್ಲ. ಮೇಡಂ ಭಾವನನ್ನು ಮೇಲಿಂದ ಕೆಳಗಿನ ತನಕ ನೋಡಿದರು, ಮೇಜಿನ ಮೇಲಿನ ಕಪ್ಪು ಚೌಕಟ್ಟನ್ನು ನೋಡಿದರು, ಮತ್ತೆ ಭಾವನನ್ನು ನೋಡಿದರು. ಅವರ ತುಟಿಯಂಚು ಸ್ವಲ್ಪ ಅಲುಗಿದಂತೆ ನನಗೆ ಕಂಡಿತು.

"ನೀವು ಬರೋದು ಬೇಡ," ಎಂದರು ನಿಧಾನವಾಗಿ. "ಇಲ್ಲೇ ಇರಿ. ನಾನು ಆ ಕುರ್ಚೀಲಿ ಇರೋವರೆಗೂ ನೀವು ಈ ಬೀದಿ ಬಿಟ್ಟು ಕದಲಬಾರದು. ಗೊತ್ತಾಯ್ತಾ?"

ಅವರು ಕಾರು ಹತ್ತಿ ಹೋದರು. ಭಾವ ಬಾಗಿಲಲ್ಲಿ ನಿಂತು, ಕಾರು ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ನನ್ನ ಕಡೆ ತಿರುಗಿದರು.

"ಏನೋ, ಅವರು ಹೇಳಿದ್ದು ಹೊಗಳಿಕೆನಾ, ಬೈಗುಳನಾ?"

"ಆದೇಶ, ಭಾವ," ಎಂದೆ.